ಹೆಣಕ್ಕೂ 48 ಗಂಟೆ ಗಡುವು!

ಸಂಜೆ ಪತ್ರಿಕೆ ಕೈಗೆ ಬಂದರೆ ದಾವಣಗೆರೆಯ ಜನ ಮೊದಲು ನೋಡುವುದು ಅಡಿಕೆ, ಮೆಕ್ಕೆಜೋಳದ ಧಾರಣೆ. ಆಮೇಲೆ ರಾಜಕೀಯ, ಆಮೇಲೆ ಕ್ರೈಮು. ಒಳಪುಟದ ಮೂಲೆಯಲ್ಲಿ ಪೊಲೀಸರು ಕಳಿಸಿದ 'ಅಪರಿಚಿತ ಶವ ಪತ್ತೆ' ಎಂಬ ನಾಲ್ಕು ಸಾಲಿನ ಪ್ರಕಟಣೆಯನ್ನು ಪೂರ್ತಿ ಓದುವವರು ಅಪರೂಪ. ಓದಿದರೂ ಎಲ್ಲವೂ ಒಂದೇ ತರಹ ಇರುತ್ತವೆ. ಸುಮಾರು 45ರಿಂದ 50 ವಯಸ್ಸಿನ ಗಂಡಸು, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಗೀಟಿನ ಶರ್ಟು, ಬಲ ಮುಂಗೈ ಮೇಲೆ ಹೆಣ್ಣಿನ ಹೆಸರಿನ ಹಚ್ಚೆ. ವಾರಸುದಾರರು ಯಾರಾದರೂ ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ. ಅಷ್ಟೇ.

ಹಾಗೆ ಓದಿ ಪುಟ ತಿರುವಿದವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಆ ನಾಲ್ಕು ಸಾಲು ಅಚ್ಚಾಗುವ ಹೊತ್ತಿಗೆ ಇನ್ನೊಂದು ಕಡೆ ಗಂಟೆ ಎಣಿಸಲು ಶುರುವಾಗಿ ಬಹಳ ಹೊತ್ತಾಗಿರುತ್ತದೆ. ಆಸ್ಪತ್ರೆಯಲ್ಲಿರುವ ಹೆಣವನ್ನು ಹತ್ತಿರದ ಸಂಬಂಧಿಕರು 48 ಗಂಟೆಯೊಳಗೆ ಬಂದು ಕೇಳದಿದ್ದರೆ, ಅದರಿಂದ ಅಂಗ ತೆಗೆಯಲು ಅಪ್ಪಣೆ ಕೊಡುವ ಅಧಿಕಾರ ಆಸ್ಪತ್ರೆಯ ಆಡಳಿತ ನಡೆಸುವವರಿಗೆ ಬರುತ್ತದೆ. ಜೈಲಿನ ಹೆಣಕ್ಕೂ ಇದೇ ನಿಯಮ. ಇದು ಚಹಾದಂಗಡಿಯ ಗಾಳಿಸುದ್ದಿ ಅಲ್ಲ ಸ್ವಾಮಿ, 1994ರಲ್ಲಿ ಸಂಸತ್ತು ಮಾಡಿದ ಮಾನವ ಅಂಗಾಂಗ ಕಸಿ ಕಾಯಿದೆಯ 5ನೇ ಸೆಕ್ಷನ್ನು.

ಹಾಗಂತ ಊರಿನ ಆಸ್ಪತ್ರೆಗಳಲ್ಲಿ ಏನೋ ನಡೆಯುತ್ತಿದೆ ಎಂದು ಯಾರೂ ಬಾಯಿ ಮೇಲೆ ಕೈ ಇಡಬೇಕಿಲ್ಲ. ಇಲ್ಲಿ ಯಾರ ಕಡೆಗೂ ಬೊಟ್ಟು ಮಾಡುವ ಮಾತಿಲ್ಲ. ಮಾತು ಇರುವುದು ಕಾನೂನಿನ ಬಗ್ಗೆ.

ಮುಂಬಾಗಿಲು ಒಪ್ಪಿಗೆಯದು

ಈ ಕಾಯಿದೆ ಹುಟ್ಟಿದ್ದೇ ಬಡವರನ್ನು ಕಾಯಲಿಕ್ಕೆ. 1980ರ ದಶಕದಲ್ಲಿ, 90ರ ದಶಕದ ಆರಂಭದಲ್ಲಿ ಮದ್ರಾಸು, ಬೊಂಬಾಯಿ, ಬೆಂಗಳೂರುಗಳಲ್ಲಿ ಕಿಡ್ನಿ ವ್ಯಾಪಾರ ಹೇಗೆ ನಡೆಯಿತು ಎನ್ನುವುದನ್ನು ಹಳಬರು ಮರೆತಿಲ್ಲ. ಸಾಲ ಮಾಡಿಕೊಂಡವರು ಕಿಡ್ನಿ ಮಾರಿ, ಸಾಲವೂ ತೀರದೆ ಮೈಯೂ ಏಳದೆ ಮೂಲೆ ಹಿಡಿದರು. ಅದನ್ನು ತಡೆಯಲು ಬಂದ ಕಾನೂನು ಅಂಗ ಕೊಳ್ಳುವುದು, ಮಾರುವುದು ಎರಡೂ ಅಪರಾಧ ಎಂದಿತು. ಮಿದುಳು ಸತ್ತರೆ ಮನುಷ್ಯ ಸತ್ತಂತೆ ಎಂದು ಒಪ್ಪಿಕೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪಿಗೆ ಇಲ್ಲದೆ ಯಾರ ಮೈಯಿಂದಲೂ ಏನನ್ನೂ ತೆಗೆಯುವಂತಿಲ್ಲ ಎಂದು ಗೆರೆ ಎಳೆಯಿತು.

ಆ ಒಪ್ಪಿಗೆ ಸುಮ್ಮನೆ ಬಾಯಿಮಾತಿನದಲ್ಲ. ತಾನು ಸತ್ತ ಮೇಲೆ ಅಂಗ ತೆಗೆದುಕೊಳ್ಳಿ ಅನ್ನುವವನು ಬರೆದುಕೊಡಬೇಕು, ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು. ಏನೂ ಹೇಳದೆ ಸತ್ತಿದ್ದರೆ ಹೆಣ ಯಾರ ವಶದಲ್ಲಿದೆಯೋ ಅವರು ಕೊಡಬಹುದು, ಆದರೆ ಹತ್ತಿರದ ಸಂಬಂಧಿಕರ ತಕರಾರು ಇರಬಾರದು. ಇನ್ನೊಂದು ಕಟ್ಟುನಿಟ್ಟು ಕೇಳಿ: ಹೂಳಲೋ ಸುಡಲೋ ಎಂದು ಮಾತ್ರ ಹೆಣವನ್ನು ಯಾರ ಕೈಗೆ ಒಪ್ಪಿಸಲಾಗಿದೆಯೋ, ಅವನಿಗೆ ಅದರ ಒಂದು ಚೂರನ್ನೂ ಕೊಡುವ ಹಕ್ಕಿಲ್ಲ. 4ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ.

ಇಷ್ಟೆಲ್ಲ ಬೀಗ ಹಾಕಿದ ಮುಂಬಾಗಿಲು ಅದು. ಹಿಂದೆ ಒಂದು ಕಿರುಬಾಗಿಲು. ಅದೇ 5ನೇ ಸೆಕ್ಷನ್. ಅಲ್ಲಿ ಸತ್ತವನ ಸಹಿ ಬೇಡ, ಸಾಕ್ಷಿ ಬೇಡ, ಹೆಂಡತಿ ಮಕ್ಕಳ ಮಾತು ಬೇಡ. ಯಾಕೆಂದರೆ ಕೇಳೋಣವೆಂದರೆ ಅಲ್ಲಿ ಯಾರೂ ಇಲ್ಲ. ಈ ಬಾಗಿಲಿನಿಂದ ಒಳಗೆ ಹೋಗುವವರು ಯಾರು? ಪಿ.ಜೆ. ಬಡಾವಣೆಯ ಬಂಗಲೆಯವರಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಂತವನು, ಎಪಿಎಂಸಿ ಯಾರ್ಡಿನ ಹಮಾಲಿ, ರೈಲ್ವೆ ಸ್ಟೇಷನ್ನಿನ ಮುಂದೆ ಮಲಗುವವನು, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಪರಊರಿನ ಕ್ಲೀನರು.

ಗಂಟೆ ಎಣಿಸುವುದು ಯಾವಾಗಿನಿಂದ?

ಇಲ್ಲಿದೆ ಗಂಟು. 48 ಗಂಟೆ ಎಂದರೆ ಮನೆಯವರಿಗೆ ಸುದ್ದಿ ಮುಟ್ಟಿದ ಮೇಲೆ 48 ಗಂಟೆ ಅಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮೇಲೂ ಅಲ್ಲ. ಪ್ರಾಣ ಹೋದ ಗಳಿಗೆಯಿಂದ 48 ಗಂಟೆ. ಕಾಯಿದೆಯಲ್ಲಿ ಹಾಗೆಯೇ ಬರೆದಿದೆ.

ಜಗಳೂರು ಕಡೆಯ ಒಬ್ಬ ಕೂಲಿಯವನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಸೋಮವಾರ ಸಾರುವೆಯಿಂದ ಬೀಳುತ್ತಾನೆ. ಮೇಸ್ತ್ರಿ ಆಸ್ಪತ್ರೆ ಬಾಗಿಲಿಗೆ ಬಿಟ್ಟು ಕೇಸಿನ ಹೆದರಿಕೆಗೆ ಕಾಲಿಗೆ ಬುದ್ಧಿ ಹೇಳುತ್ತಾನೆ. ರಾತ್ರಿ ಪ್ರಾಣ ಹೋಗುತ್ತದೆ. ಮಂಗಳವಾರ ಪೊಲೀಸರು ಬಂದು ಬರೆದುಕೊಳ್ಳುತ್ತಾರೆ. ಬುಧವಾರ ಅಲ್ಲಿನ ಪತ್ರಿಕೆಯಲ್ಲಿ ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ ಅಚ್ಚಾಗುತ್ತದೆ. ಆ ಪತ್ರಿಕೆ ಜಗಳೂರಿನ ಹಟ್ಟಿಗೆ ಬರುತ್ತದೆಯೇ? ಬಂದರೂ ಓದುವವರಾರು? ಬುಧವಾರ ರಾತ್ರಿಗೆ ಗಡುವು ಮುಗಿಯಿತು. ಗುಳೆ ಹೋದವನು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಫೋನು ಮಾಡುವ ರೂಢಿ. ಅವನ ಫೋನು ಬರಲಿಲ್ಲ ಎಂದು ಹೆಂಡತಿಗೆ ಚಿಂತೆ ಹತ್ತುವುದೇ ಶುಕ್ರವಾರವೋ ಶನಿವಾರವೋ. ಅಷ್ಟರಲ್ಲಿ ಸರ್ಕಾರಿ ಕಾಗದದಲ್ಲಿ ಅವನು ವಾರಸುದಾರರಿಲ್ಲದವನು. ಮನೆಯಲ್ಲಿ ಹೆಂಡತಿ ಇದ್ದಾಳೆ, ಮೂರು ಮಕ್ಕಳಿದ್ದಾರೆ, ರೇಷನ್ ಕಾರ್ಡಿನಲ್ಲಿ ಹೆಸರಿದೆ, ಓಟರ್ ಲಿಸ್ಟಿನಲ್ಲಿ ಹೆಸರಿದೆ. ಆದರೂ ಅನಾಥ!

ಇದು ಬೆಂಗಳೂರಿನ ಮಾತು ಮಾತ್ರವಲ್ಲ. ಇಲ್ಲಿಂದ ಜನ ಅಲ್ಲಿಗೆ ಹೋದಂತೆ, ಬೇರೆ ಕಡೆಯಿಂದ ಇಲ್ಲಿಗೂ ಬರುತ್ತಾರೆ. ಅವರಲ್ಲಿ ಒಬ್ಬ ಇಲ್ಲಿನ ವಾರ್ಡಿನಲ್ಲಿ ಸತ್ತರೆ ಬಿಹಾರದ ಹಳ್ಳಿಗೆ, ರಾಯಚೂರಿನ ತಾಂಡಾಕ್ಕೆ ಸುದ್ದಿ ಮುಟ್ಟಿಸುವವರು ಯಾರು?

ಕಾನೂನು ಬರೆದವರಿಗೂ ಈ ಅಳುಕು ಇತ್ತು ಎನ್ನುವುದಕ್ಕೆ ಅದೇ ಸೆಕ್ಷನ್ನಿನ ಎರಡನೇ ಉಪವಿಧಿ ಸಾಕ್ಷಿ. ಹತ್ತಿರದ ಸಂಬಂಧಿ ಯಾರಾದರೂ ಮುಂದೆ ಬಂದು ಹೆಣ ಕೇಳಬಹುದು ಎಂದು ನಂಬಲು ಕಾರಣವಿದ್ದರೆ, 48 ಗಂಟೆ ದಾಟಿದ್ದರೂ ಅಪ್ಪಣೆ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಎಂಥ ಒಳ್ಳೆಯ ಮಾತು! ಆದರೆ 'ನಂಬಲು ಕಾರಣ' ಹುಡುಕುವವರು ಯಾರು? ಹುಡುಕಲೇಬೇಕು ಎಂದು ಆ ಸೆಕ್ಷನ್ನಿನಲ್ಲಿ ಇಲ್ಲ. ಏನೇನು ವಿಚಾರಿಸಿದೆವು ಎಂದು ಬರೆದಿಡಬೇಕು ಎಂದೂ ಇಲ್ಲ. ಮುಂಗೈ ಮೇಲೆ ಹೆಣ್ಣಿನ ಹೆಸರಿನ ಹಚ್ಚೆ ಇದ್ದರೆ ಅದು ಕಾರಣವಲ್ಲವೇ? ಜೇಬಿನಲ್ಲಿ ಬಸ್ ಟಿಕೆಟ್ ಇದ್ದರೆ? ಒಡೆದ ಮೊಬೈಲಿನ ಸಿಮ್ಮಿನಲ್ಲಿ 'ಮನೆ' ಎಂದು ಒಂದು ನಂಬರಿದ್ದರೆ? ತಿಳಿದವರು ನೋಡಿದರೆ ಇವೆಲ್ಲ ಕಾರಣಗಳೇ. ನೋಡದಿದ್ದರೆ ಯಾವುದೂ ಅಲ್ಲ.

ಸೋದರಮಾವ ಲೆಕ್ಕಕ್ಕಿಲ್ಲ

ಹತ್ತಿರದ ಸಂಬಂಧಿ ಎಂದರೆ ಯಾರು? ಅದಕ್ಕೂ ಕಾಯಿದೆಯಲ್ಲಿ ಪಟ್ಟಿ ಇದೆ. ಗಂಡ ಅಥವಾ ಹೆಂಡತಿ, ಮಗ, ಮಗಳು, ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ. 2011ರಲ್ಲಿ ಸಂಸತ್ತು ತಿದ್ದುಪಡಿ ಮಾಡಿದಾಗ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಕಾಯಿದೆಯ ಹೆಸರಿಗೆ 'ಅಂಗಾಂಶ' ಎಂಬ ಮಾತು ಸೇರಿದ್ದೂ ಆಗಲೇ. ಪಟ್ಟಿ ಅಲ್ಲಿಗೆ ನಿಂತಿತು.

ಬದುಕಿರುವವರ ನಡುವಿನ ಕಿಡ್ನಿ ದಾನಕ್ಕೆ ಇಂಥ ಬಿಗಿ ಪಟ್ಟಿ ಸರಿಯೇ. ಇಲ್ಲದಿದ್ದರೆ ದಲ್ಲಾಳಿಗಳು ದಿನಕ್ಕೊಬ್ಬ 'ಚಿಕ್ಕಪ್ಪ'ನನ್ನು ಹುಟ್ಟಿಸಿಯಾರು. ಆದರೆ ಅದೇ ಪಟ್ಟಿಯನ್ನು ತಂದು ಹೆಣ ಕೇಳುವವರಿಗೂ ಹಚ್ಚಿದ್ದು ಎಲ್ಲಿಯ ನ್ಯಾಯ? ಈ ನಾಡಿನಲ್ಲಿ ಮದುವೆಯಿಂದ ಮಣ್ಣಿನ ತನಕ ಸೋದರಮಾವನಿಲ್ಲದೆ ನಡೆಯುವ ಕಾರ್ಯ ಯಾವುದಿದೆ? ಮಗ ದುಬೈಯಲ್ಲಿದ್ದರೆ ಅಳಿಯನೇ ಮಗ. ಊರಲ್ಲಿ ಮುದುಕಿಯನ್ನು ನೋಡಿಕೊಂಡವಳು ಸೊಸೆ. ಇವರ್‍ಯಾರೂ ಪಟ್ಟಿಯಲ್ಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಮೂಟೆ ಹೊತ್ತ ಹಮಾಲಿ ಗೆಳೆಯನ ಮಾತಂತೂ ದೂರ. ಸೆಕ್ಷನ್ನನ್ನು ಅಕ್ಷರ ಹಿಡಿದು ಓದಿದರೆ, ಸೋದರಮಾವ ಬಂದು ಶವಾಗಾರದ ಬಾಗಿಲಲ್ಲಿ ನಿಂತು ಗೋಳಾಡುತ್ತಿದ್ದರೂ ಆ ಹೆಣ 'ಹತ್ತಿರದ ಸಂಬಂಧಿ ಕೇಳದ' ಹೆಣವೇ! ಪುಣ್ಯಕ್ಕೆ ಪೊಲೀಸರು, ಡಾಕ್ಟರುಗಳು ಕಾನೂನಿಗಿಂತ ಹೆಚ್ಚು ಮನುಷ್ಯರು. ಮಾವ ಬಂದರೆ, ಭಾವ ಬಂದರೆ ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಬಿಟ್ಟುಕೊಡುವುದೇ ರೂಢಿ. ಆದರೆ ರೂಢಿ ಬೇರೆ, ಹಕ್ಕು ಬೇರೆ.

ಕಾದು ಕೆಟ್ಟ ಕಣ್ಣು

ಇನ್ನು ತಮಾಷೆಯೆಂದರೆ, ಈ ಗಡುವು ಬಡವನಿಗೆ ಅನ್ಯಾಯ ಮಾಡಿತು ಸರಿ, ರೋಗಿಗಾದರೂ ಉಪಕಾರ ಮಾಡಿತೇ ಎಂದು ನೋಡಿದರೆ ಅದೂ ಇಲ್ಲ. ಹೃದಯ, ಲಿವರ್, ಕಿಡ್ನಿಗಳನ್ನು ಕಸಿಗೆ ತೆಗೆಯುವುದು ಸಾಮಾನ್ಯವಾಗಿ ಮಿದುಳು ಸತ್ತು, ಯಂತ್ರದ ಸಹಾಯದಿಂದ ಎದೆ ಬಡಿತ ಇನ್ನೂ ನಡೆದಿರುವವರಿಂದ. ಎದೆ ನಿಂತು ರಕ್ತ ಹರಿಯದಿದ್ದರೆ ಅವು ಬೇಗ ಕೆಡುತ್ತವೆ. ಕಣ್ಣನ್ನು ಸತ್ತ ಆರು ಗಂಟೆಯೊಳಗೆ ತೆಗೆಯಿರಿ ಎಂದು ನೇತ್ರ ಬ್ಯಾಂಕಿನವರು ಊರೂರಿಗೆ ಹೋಗಿ ಹೇಳುತ್ತಾರೆ. ಹೀಗಿರುವಾಗ 48 ಗಂಟೆ ಕಾದು ಕೊಡುವ ಅಪ್ಪಣೆಯಿಂದ ಯಾವ ಕುರುಡನಿಗೆ ಕಣ್ಣು ಬಂದೀತು? ಸಂಬಂಧಿಕರಿಗೆ ಈ ಹೊತ್ತು ತೀರ ಕಡಿಮೆ, ವೈದ್ಯರಿಗೆ ತೀರ ಹೆಚ್ಚು. ಇಬ್ಬರಿಗೂ ಬೇಡವಾದ ಸಂಖ್ಯೆಯೊಂದು ಕಾನೂನಿನ ಪುಸ್ತಕದಲ್ಲಿ 1994ರಿಂದ ಕೂತಿದೆ.

ಹೋಲಿಕೆಗೆ ನೋಡಿ. 2006ರಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ರಾಜಕುಮಾರ್ ಹೋದಾಗಲೂ ಹಾಗೆಯೇ. ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಅದೇ ವರ್ಷ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಮಿದುಳು ಸತ್ತಾಗ ಮನೆಯವರು ಅಂಗಾಂಗ ಕೊಟ್ಟರು. ಆ ದುಃಖದಲ್ಲೂ ಮನೆಯವರು ಹೂಂ ಎಂದರು, ನಾಡು ಕೈ ಮುಗಿಯಿತು, ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಕೊಡುಗೆ ಎನ್ನುವುದು ಹೀಗೆ. ಕೇಳದೆ ತೆಗೆದುಕೊಂಡಿದ್ದಕ್ಕೆ ದಾನ ಎಂಬ ಹೆಸರು ಒಪ್ಪುವುದಿಲ್ಲ.

ಹಾಗಾದರೆ ಗಡುವು ದಾಟಿದ ಹೆಣ ಯಾತಕ್ಕೆ ಬರುತ್ತದೆ? ಪಾಠಕ್ಕೆ. ಅದಕ್ಕೆ ಇನ್ನೊಂದು ಕಾನೂನು ಇದೆ, 1957ರ ಅನಾಟಮಿ ಕಾಯಿದೆ. ರಾಜ್ಯದ ಹೆಸರು ಮೈಸೂರು ಎಂದಿದ್ದಾಗ ಬಂದದ್ದು. ವಾರಸುದಾರರಿಲ್ಲದ ಹೆಣಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸುವ ದಾರಿ ಅದರಲ್ಲಿದೆ. ಇದರ ಬೇರು ಹುಡುಕಿ ಹೋದರೆ ಸಿಗುವುದು ಬ್ರಿಟನ್. 1828ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಒಬ್ಬರ ಹಿಂದೊಬ್ಬರಂತೆ 16 ಜನರನ್ನು ಕೊಂದು ಹೆಣಗಳನ್ನು ಶರೀರಶಾಸ್ತ್ರ ಕಲಿಸುವ ಡಾಕ್ಟರಿಗೆ ಮಾರಿದರು. ಹೆಣಗಳ ಕಳ್ಳಪೇಟೆ ಮುಚ್ಚಿಸಲು 1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿತು. ಮಾಡಿದ್ದೇನು? ಬಡವರ ಗಂಜಿಮನೆಗಳಲ್ಲಿ ಸತ್ತು ಯಾರೂ ಕೇಳದ ಹೆಣಗಳನ್ನು ಕಾಲೇಜಿಗೆ ಕೊಡಬಹುದು ಎಂದಿತು. ಕೊಲೆ ನಿಂತಿತು, ಬಡತನಕ್ಕೆ ಸತ್ತ ಮೇಲೂ ಶಿಕ್ಷೆ ಶುರುವಾಯಿತು. ಆ ಬ್ರಿಟಿಷರೇ ಈಗ ಆ ದಾರಿ ಬಿಟ್ಟಿದ್ದಾರೆ. ಸತ್ತ ಮಕ್ಕಳ ಅಂಗಾಂಗಗಳನ್ನು ತಾಯ್ತಂದೆಯರಿಗೆ ಹೇಳದೆ ಲಿವರ್‌ಪೂಲಿನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರೆಂಬ ತನಿಖಾ ವರದಿ 2001ರಲ್ಲಿ ಬಂದು ದೇಶವೇ ಅತ್ತ ಮೇಲೆ, 2004ರಲ್ಲಿ ಹೊಸ ಕಾನೂನು ಮಾಡಿದರು. ಅದರ ಪ್ರಕಾರ ದೇಹ ಪಾಠದ ಮೇಜಿಗೆ ಬರಬೇಕಾದರೆ ಸತ್ತವನೇ ಬದುಕಿದ್ದಾಗ ಸಾಕ್ಷಿ ಇಟ್ಟು ಬರೆದುಕೊಟ್ಟಿರಬೇಕು. ಕಲಿಸಿದ ಮೇಷ್ಟ್ರು ಪಾಠ ತಿದ್ದಿಕೊಂಡರು, ಶಿಷ್ಯ ಹಳೇ ಕಾಪಿ ಹಿಡಿದು ಕೂತಿದ್ದಾನೆ.

ಡಾಕ್ಟರ ಮಾತೂ ಸುಳ್ಳಲ್ಲ

ಇದಕ್ಕೆ ಎದುರು ವಾದ ಇಲ್ಲವೆಂದಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1965ರಲ್ಲಿ. ಈಗ ಒಂದಲ್ಲ, ಎರಡಿವೆ. ಮೊದಲ ವರ್ಷದ ಹುಡುಗ ಹುಡುಗಿಯರು ನರ ಎಲ್ಲಿದೆ, ನಾಳ ಎಲ್ಲಿದೆ ಎಂದು ದೇಹ ಬಿಡಿಸಿ ನೋಡದೆ ಕಲಿತರೆ ನಾಳೆ ಅವರ ಕತ್ತರಿಗೆ ಮೈ ಕೊಡುವವರು ಯಾರು? ಗೊಂಬೆ ಇಟ್ಟು ಕಲಿಸಬಹುದು, ಕಂಪ್ಯೂಟರಿನಲ್ಲಿ ತೋರಿಸಬಹುದು, ಆದರೆ ಕೈಗೆ ಸಿಗುವ ಅನುಭವ ಅದರಲ್ಲಿಲ್ಲ. ಶವಾಗಾರದವರ ಕಷ್ಟವೂ ಇದೆ. ಥಂಡಿ ಪೆಟ್ಟಿಗೆಗಳು ಬೆರಳೆಣಿಕೆ, ಕರೆಂಟು ಹೋದರೆ ವಾಸನೆ, ಇನ್ನೊಂದು ಆಕ್ಸಿಡೆಂಟು ಬಂದರೆ ಜಾಗವಿಲ್ಲ. "ಎಷ್ಟ್ ದಿನ ಅಂತ ಇಟ್ಕೊಂಡು ಕೂರಾಣ್ರೀ?" ಎಂದು ಅಲ್ಲಿನ ಕೆಲಸಗಾರ ಕೇಳಿದರೆ ಅವನಿಗೆ ಉತ್ತರ ಕೊಡಬೇಕಾಗುತ್ತದೆ.

ಉತ್ತರ ದೂರ ಇಲ್ಲ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಎಂಬ ಶರೀರಶಾಸ್ತ್ರದ ಅಧ್ಯಾಪಕರು ತಮ್ಮ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಬಿಡಿಸಿದರು. ತಂದೆಯೂ ವೈದ್ಯರು, ಹಾಗೆ ಮಾಡಬೇಕೆಂದು ಬದುಕಿದ್ದಾಗಲೇ ಬರೆದಿಟ್ಟಿದ್ದರು. ಕೇಳಿದವರ ಮೈ ಜುಂ ಎಂದಿತು, ಆದರೆ ಯಾರೂ ಅನ್ಯಾಯ ಎನ್ನಲಿಲ್ಲ. ಆಮೇಲೆ ಉತ್ತರ ಕರ್ನಾಟಕದಲ್ಲಿ ದೇಹದಾನದ ಮಾತು ಮನೆಮನೆಗೆ ಬಂತು. ಓದಿದವರು, ಉಳ್ಳವರು, ಮಠಮಾನ್ಯಗಳ ಮುಂದೆ ಭಾಷಣ ಮಾಡುವವರು ಹೀಗೆ ಬರೆದುಕೊಟ್ಟರೆ ಮೇಜು ಖಾಲಿ ಬೀಳುವುದಿಲ್ಲ. ಊರಿನ ದೊಡ್ಡವರು ಫಾರಂ ತುಂಬದೆ, ಪಾಠಕ್ಕೆ ಹಮಾಲಿಯ ಹೆಣವೇ ಆಗಬೇಕು ಎನ್ನುವುದರಲ್ಲಿ ವಿಜ್ಞಾನ ಏನಿದೆ?

ಇನ್ನೊಂದು ವಿನಾಯಿತಿಯನ್ನೂ ಹೇಳಿಬಿಡಬೇಕು. ಅಪಘಾತ, ಆತ್ಮಹತ್ಯೆ ಇತ್ಯಾದಿ ಅಸಹಜ ಸಾವಿನಲ್ಲಿ ಪೋಸ್ಟ್ ಮಾರ್ಟಂಗೆ ಬಂದ ಹೆಣದಿಂದಲೂ ಅಂಗ ತೆಗೆಯಲು 6ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ಅಂಗ ಪರೀಕ್ಷೆಗೆ ಬೇಕಾಗಿಲ್ಲ ಎಂದು ನಂಬಲು ಕಾರಣ ಇರಬೇಕು, ಸತ್ತವನು ಬದುಕಿದ್ದಾಗ ಬೇಡ ಎಂದಿರಲಿಲ್ಲ ಎಂದು ಖಾತ್ರಿಯಾಗಬೇಕು. ಹೆಸರೇ ಗೊತ್ತಿಲ್ಲದವನ ಹೆಣ ಬಂದರೆ, ಅವನು ಬೇಡ ಎಂದಿರಲಿಲ್ಲ ಎಂದು ಯಾರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೋ ದೇವರೇ ಬಲ್ಲ.

ಒಂದು ಲೆಡ್ಜರಿನ ಕೆಲಸ

ಸುಪ್ರೀಂ ಕೋರ್ಟು 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಮನುಷ್ಯನ ಘನತೆ ಸತ್ತ ಮೇಲೆ ಅವನ ದೇಹಕ್ಕೂ ಉಂಟು ಎಂದು ಹೇಳಿದೆ. 2002ರಲ್ಲಿ, ಮನೆಯಿಲ್ಲದೆ ಬೀದಿಯಲ್ಲಿ ಸತ್ತವನಿಗೂ ಅವನ ಧರ್ಮದ ಪ್ರಕಾರ ಗೌರವದ ಅಂತ್ಯಸಂಸ್ಕಾರ ಆಗಬೇಕು ಎಂದಿದೆ. ಹೂಳುವ ಸಂಪ್ರದಾಯದವನನ್ನು ಸುಟ್ಟರೆ, ಸುಡುವವನನ್ನು ಹೂತರೆ ಮನೆಯವರ ಹೊಟ್ಟೆಗೆ ಬೆಂಕಿ ಬಿದ್ದಂತೆ. ಅಂಥದ್ದರಲ್ಲಿ ಮಣ್ಣು ಕೊಡಲು ಮೈಯೇ ಇಲ್ಲ ಎಂದಾದರೆ? ತಿಂಗಳು ಕಳೆದು ಹುಡುಕಿಕೊಂಡು ಬಂದ ಹೆಂಗಸಿಗೆ ಒಂದು ಫೋಟೋ, ಒಂದು ಶರ್ಟು ತೋರಿಸಿ "ಇವ್ರೇನಮ್ಮಾ ನಿಮ್ಮ ಯಜಮಾನ್ರು?" ಎಂದರೆ ಆಕೆ ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ? ಹೂಂ ಎಂದರೆ ಕುಂಕುಮ ಹೋಗುತ್ತದೆ, ಉಹೂಂ ಎಂದರೆ ಜೀವಮಾನ ಪೂರ್ತಿ ಬಾಗಿಲು ನೋಡುತ್ತ ಕೂರಬೇಕು. ಸಾವಿನ ದಾಖಲೆ ಸಿಗದಿದ್ದರೆ ವಿಧವಾ ವೇತನವೂ ಇಲ್ಲ, ಜಮೀನಿನ ಖಾತೆ ಬದಲಾವಣೆಯೂ ಇಲ್ಲ.

5ನೇ ಸೆಕ್ಷನ್ನು ತಿದ್ದುವುದು ದಿಲ್ಲಿಯ ಕೆಲಸ. ಗಡುವನ್ನು ಸಾವಿನ ಗಳಿಗೆಯಿಂದಲ್ಲ, ಹುಡುಕಾಟ ಮುಗಿದ ದಿನದಿಂದ ಎಣಿಸಬೇಕು. ಸೋದರಮಾವ, ಅಳಿಯ, ಸೊಸೆ ಬಂದು ಕೇಳಿದರೂ ಕೇಳಿದಂತೆಯೇ ಎಂದು ಸೇರಿಸಬೇಕು. ಜಿಲ್ಲೆಯ ಸಂಸದರು ಬಿಡುವು ಮಾಡಿಕೊಂಡು ಈ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ಉಪಕಾರ.

ಆದರೆ ದಿಲ್ಲಿ ಏಳುವ ತನಕ ಜಿಲ್ಲೆ ಮಲಗಬೇಕಿಲ್ಲ. ಶವಾಗಾರದಲ್ಲಿ ಒಂದು ಪುಸ್ತಕ ಇಡಲಿ. ಗುರುತು ಸಿಗದ ಹೆಣ ಒಂದಕ್ಕೆ ಒಂದು ಹಾಳೆ. ಮುಖದ ಫೋಟೋ, ಹಚ್ಚೆಯ ಫೋಟೋ, ಜೇಬಿನಲ್ಲಿ ಸಿಕ್ಕ ಚೀಟಿ ಚಪಾಟಿ, ಸಿಮ್ಮಿನ ನಂಬರುಗಳಿಗೆ ಫೋನು ಮಾಡಿದ ಹೊತ್ತು, ಯಾವ ಠಾಣೆಗೆ ಸುದ್ದಿ ಹೋಯಿತು, ಯಾವ ಊರಿನ ಬಸ್ ಟಿಕೆಟ್ಟು, ಆ ಊರಿನ ಪಂಚಾಯ್ತಿಗೆ ತಿಳಿಸಿದರೋ ಇಲ್ಲವೋ. ಕೆಳಗೆ ಡಾಕ್ಟರ ಸಹಿ, ಪಕ್ಕದಲ್ಲಿ ಪೊಲೀಸರ ಸಹಿ. 'ಸಂಬಂಧಿಕರು ಬರಬಹುದೆಂದು ನಂಬಲು ಕಾರಣವಿಲ್ಲ' ಎಂದು ಯಾರಾದರೂ ಬರೆಯುವುದಾದರೆ ಆ ಹಾಳೆಯನ್ನು ಓದಿ ಬರೆಯಲಿ. ಹೆಣವನ್ನು ಹೂತರೋ, ಕಾಲೇಜಿಗೆ ಕೊಟ್ಟರೋ, ಯಾವ ತಾರೀಖು, ಯಾವ ಜಾಗ ಎನ್ನುವುದೂ ಅದರಲ್ಲೇ ಇರಲಿ. ಆರು ತಿಂಗಳ ಮೇಲೆ ಜಗಳೂರಿನಿಂದಲೋ ರಾಯಚೂರಿನಿಂದಲೋ ಯಾರಾದರೂ ಬಂದು ಕೇಳಿದರೆ ಹಾಳೆ ತೆಗೆದು ತೋರಿಸಬಹುದು. ಪುಸ್ತಕಕ್ಕೆ ದುಡ್ಡಿಲ್ಲವೆಂದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ತರಿಸಿಕೊಡಲಿ. ಅದಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಿಲ್ಲ.